ಕಾಸಿನ ಸರದಲ್ಲಿ ಒಬ್ಬ ಚಕ್ರವರ್ತಿ

ನನಗೊಂದು ಕೆಟ್ಟ ಚಾಳಿ ಇದೆ: ಗೊತ್ತಿರುವುದನ್ನು ಹೇಳದೆ ಸುಮ್ಮನಿರಲಾರೆ. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವನಿಗೆ ನಿವೃತ್ತಿಯಾಗಬಹುದು, ಅವನ ನಾಲಿಗೆಗೆ ಆಗುವುದಿಲ್ಲ. ದೇವರಾಜ ಮಾರ್ಕೆಟ್ಟಿನಲ್ಲಿ ಆಲೂಗಡ್ಡೆ ಮಾರುವವಳಿಗೆ, ಆಲೂಗಡ್ಡೆ ನಮ್ಮ ದೇಶದ್ದೇ ಅಲ್ಲ ಎಂದು ವಿವರಿಸಹೋಗಿ, "ತಗೊಳೋದಾದ್ರೆ ತಗೊಳಿ ಸ್ವಾಮಿ, ಇಂದೆ ಜನ ನಿಂತವ್ರೆ" ಅನ್ನಿಸಿಕೊಂಡವನು ನಾನು.

ಮೊನ್ನೆ ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ಈ ಚಾಳಿಯಿಂದ ಮನೆಯ ಪೂಜೆಯೇ ನಿಂತುಹೋಗುವುದರಲ್ಲಿತ್ತು. ನಮ್ಮಲ್ಲಿ ಕಳಶಕ್ಕೆ ಹಾಕುವುದು ಅತ್ತೆಯವರ ಕಾಸಿನ ಸರ, ಅವರಮ್ಮನ ಕಾಲದ್ದು. ನಡುವಿನ ದೊಡ್ಡ ಕಾಸೇ ಅವರಿಗೆ ಲಕ್ಷ್ಮಿ. ವರ್ಷಾವರ್ಷ ಮೆತ್ತಿದ ಕುಂಕುಮದಲ್ಲಿ ಅದರ ಮುಖ ಕಂಡವರೇ ಇಲ್ಲ. ಈ ಸಲ ಅದನ್ನು ಅಂಟುವಾಳದ ನೀರಿನಲ್ಲಿ ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಹಳೇ ಬ್ರಷ್ಷಿನಿಂದ ಉಜ್ಜಿದಂತೆಲ್ಲ ಕಾಸಿನೊಳಗಿಂದ ಗಿಣಿಮೂಗಿನ ಗಂಡಸೊಬ್ಬ ಎದ್ದುಬಂದ. ಗುಂಗುರು ಕೂದಲು, ತಲೆಗೆ ಎಲೆಗಳ ಪಟ್ಟಿ, ಸುತ್ತ ರೋಮನ್ ಅಕ್ಷರ. ಅಬ್ಬಾ, ರೋಮಿನ ಚಿನ್ನದ ನಾಣ್ಯ ನಮ್ಮನೆ ಬಚ್ಚಲಲ್ಲಿ! ಸರವನ್ನು ಕಳಶಕ್ಕೆ ಹಾಕಿದವನೇ ಘೋಷಿಸಿಬಿಟ್ಟೆ: "ಅತ್ತೆ, ಇದು ಲಕ್ಷ್ಮಿ ಅಲ್ಲ, ರೋಮ್ ಚಕ್ರವರ್ತಿ! ನಮ್ಮ ಕರಿಮೆಣಸು ಕೊಳ್ಳೋಕೆ ಬಂದವರು ತಂದ ಕಾಸು!"

ಅತ್ತೆ ಕನ್ನಡಕ ಏರಿಸಿ ನೋಡಿದರು. ಮುಖ ಬಿಳಿಚಿಕೊಂಡಿತು. "ನಲವತ್ತು ವರ್ಷ ಯಾವನೋ ಗಂಡಸಿಗೆ ಸೀರೆ ಉಡಿಸಿ ಆರತಿ ಬೆಳಗಿದ್ನೇನೇ, ವಿಶಾಲು?" ಎಂದು ಮಗಳನ್ನು ಕೇಳಿ, ಮಣೆಯ ಮೇಲೆ ಕುಸಿದು ಅತ್ತೇಬಿಟ್ಟರು. ಇನ್ನು ಈ ಮನೇಲಿ ಹಬ್ಬ ಬೇಡ ಅಂದರು. ನನಗೆ ನಿಜವಾಗಿಯೂ ಸಂಕಟವಾಯಿತು. "ಒಳ್ಳೇ ರಾಜನೇ ಅತ್ತೆ, ರಸ್ತೆ ಗಿಸ್ತೆ ಎಲ್ಲ ಮಾಡಿಸಿರ್ತಾನೆ," ಎಂದು ಸಮಾಧಾನ ಹೇಳಹೋದೆ.

"ನೀವು ಬಾಯಿ ಮುಚ್ಕೊಂಡಿದ್ರೆ ಸಾಕು ಕಣ್ರೀ," ಎಂದಳು ನನ್ನ ಹೆಂಡತಿ ವಿಶಾಲು. ಕಳಶದ ಹತ್ತಿರ ಹೋಗಿ ಕಾಸನ್ನು ಮಗುಚಿದಳು. ಹಿಂಬದಿಯಲ್ಲಿ ನೆರಿಗೆಯ ಉಡುಪಿನ ಹೆಂಗಸೊಬ್ಬಳು ನಿಂತಿದ್ದಳು. ತೋಳಿನಲ್ಲಿ ಹಣ್ಣು ತುಂಬಿ ತುಳುಕುವ ದೊಡ್ಡ ಕೊಂಬು.

"ಇವಳ್ಯಾರು?"

"ಅವರ ಸಮೃದ್ಧಿ ದೇವತೆ," ಎಂದೆ ಸಣ್ಣ ದನಿಯಲ್ಲಿ.

"ಅಂದ್ರೆ ಲಕ್ಷ್ಮಿ ತಾನೆ?"

ಅತ್ತೆ ಕಣ್ಣೊರೆಸಿಕೊಂಡು ಎದ್ದರು. "ಅಯ್ಯೋ ನಮ್ಮಮ್ಮಾ, ಇಷ್ಟು ವರ್ಷ ಅವನ ಬೆನ್ನಿಗೆ ನಿಂತ್ಬುಟ್ಟಿದ್ಯಲ್ಲೇ!" ಎಂದು ಅವಳ ಹಣೆಗೆ ಧಾರಾಳವಾಗಿ ಕುಂಕುಮ ಇಟ್ಟರು. ಆರತಿ ಹಚ್ಚುತ್ತಾ ನನ್ನ ಕಡೆ ತಿರುಗಿ, ಕುಹಕವೇನೂ ಇಲ್ಲದೆ ಕೇಳಿದರು: "ಅಳಿಯಂದ್ರೇ, ಕಾಲೇಜಲ್ಲೂ ನೀವು ಹೀಗೇನಾ, ಒಂದೇ ಮಗ್ಗುಲು ನೋಡಿ ಪಾಠ ಮಾಡ್ತಿದ್ದಿದ್ದು?"

ಉತ್ತರ ನನಗೆ ಗೊತ್ತಿತ್ತು. ಅದಕ್ಕೇ ಗಂಟೆಯನ್ನು ಸ್ವಲ್ಪ ಜೋರಾಗಿಯೇ ಬಾರಿಸಿದೆ.