ಕಾರ್ಕಳಕ್ಕೆ ಹೊರಟ ಎರಡು ಮೇಣದಬತ್ತಿ

ಜಗತ್ತಿನಲ್ಲಿ ಕೆಲಸ ಶುರು ಮಾಡುವವರು, ಮುಗಿಸುವವರು ಎಂದು ಎರಡು ಪಂಗಡಗಳಿವೆ. ನಾನು ಮೊದಲನೆಯದರ ಆಜೀವ ಸದಸ್ಯ. ಮಣಿಪಾಲದ ನಮ್ಮ ಮನೆಯ ಕಂಪೌಂಡ್ ಗೋಡೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೇಟಿನ ಎಡಕ್ಕೆ ಹಳದಿ ಬಣ್ಣ, ಬಲಕ್ಕೆ ಬರೀ ಸಿಮೆಂಟು. ಕೊಳಲು ಕಲಿಯಲು ಹೋಗಿ, ಸರಳೆ ವರಸೆ ಮುಗಿಯುವ ಮೊದಲೇ ಗುರುಗಳಿಗೆ ಜ್ವರ ಬಂದದ್ದನ್ನು ನೆಪ ಮಾಡಿಕೊಂಡು ಬಿಟ್ಟೆ. ಗುರುಗಳು ಎರಡೇ ದಿನದಲ್ಲಿ ಎದ್ದು ಕುಳಿತರಂತೆ, ನಾನು ಮಾತ್ರ ಇವತ್ತಿಗೂ ಆ ಬೀದಿಯಲ್ಲಿ ತಲೆ ತಗ್ಗಿಸಿ ನಡೆಯುತ್ತೇನೆ. ನನ್ನ ಹೆಂಡತಿ ಶಾರದೆ ಇದನ್ನೆಲ್ಲ ಮೂವತ್ತು ವರ್ಷ ಸಹಿಸಿದ್ದಾಳೆ. ಆದ್ದರಿಂದ ಷಡ್ಡಕ ವಾಸುದೇವನ ಎದುರು ನಾನು ಒಂದು ಪಂಥದ ಮಾತು ಆಡಿದಾಗ ಅವಳು ಒಗ್ಗರಣೆ ಸೌಟನ್ನು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಬಂದಳು.

ವಾಸುದೇವ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ಹಳ್ಳಿಗಾಡಿನಲ್ಲಿ ಒಂದು ವಾರ ನಡೆದು ಬಂದಿದ್ದ. ನಡೆಯುವುದೇ ಅಲ್ಲಿ ರಜೆಯಂತೆ. ಬೆಳಿಗ್ಗೆ ಒಂದು ಊರಿನಿಂದ ಹೊರಟು, ಕುರಿಗಳನ್ನೂ ಕಲ್ಲಿನ ಗೋಡೆಗಳನ್ನೂ ದಾಟಿ, ಸಂಜೆ ಇನ್ನೊಂದು ಊರು ಸೇರುವುದು. ಪೆಟ್ಟಿಗೆ ಮಾತ್ರ ವ್ಯಾನಿನಲ್ಲಿ ಮುಂದೆ ಹೋಗಿ ಕಾಯುತ್ತಿರುತ್ತದೆ. ಫೋನಿನಲ್ಲಿ ಅವನು ಒಂದೊಂದು ಕುರಿಯನ್ನೂ ಬಿಡದೆ ತೋರಿಸಿದ. "ಭಾವಾ, ಯಾರದ್ದೇ ಗದ್ದೆ ಆಗಲಿ, ನಡುವಿನಿಂದ ನಡ್ಕೊಂಡು ಹೋಗ್ಲಿಕ್ಕೆ ಅಲ್ಲಿ ಹಕ್ಕು ಉಂಟು!" ಎಂದ. ಗದ್ದೆಯ ಹುಣಿ-ಬದುಗಳ ಮೇಲೆ ನಡೆದೇ ಶಾಲೆ ಕಲಿತ ನನಗೆ ಇದನ್ನು ಕೇಳಿ ಮೈ ಉರಿಯಿತು. "ಇದೇನು ಮಹಾ? ನಾನು ಕಾಪುವಿನ ದೀಪಸ್ತಂಭದಿಂದ ಕಾರ್ಕಳಕ್ಕೆ ಮೂರು ದಿನದಲ್ಲಿ ನಡೆಯುತ್ತೇನೆ" ಎಂದುಬಿಟ್ಟೆ. ವಾಸುದೇವ ನಕ್ಕ. ಶಾರದೆ ನಗಲಿಲ್ಲ. "ನಡೆಯುವುದಾದ್ರೆ ಪೂರ್ತಿ ನಡೀರಿ ಮಾರಾಯ್ರೇ. ಜೀವನದಲ್ಲಿ ಒಂದು, ಒಂದೇ ಒಂದು ಕೆಲಸ ಮುಗಿಸಿದ್ದನ್ನು ನಾನು ನೋಡ್ಬೇಕು" ಎಂದಳು. ಅವಳ ದನಿಯಲ್ಲಿ ತಮಾಷೆಯಿರಲಿಲ್ಲ. ನನಗೆ ಒಳಗೊಳಗೇ ಚುರುಕ್ಕೆಂದಿತು.

ಒಂದು ರಿಯಾಯಿತಿ ಮಾತ್ರ ಪಡೆದುಕೊಂಡೆ. ಬಿ.ಪಿ. ಮಾತ್ರೆ, ಗಂಜಿ ಎಲ್ಲ ಮನೆಯಲ್ಲೇ ಇರುವುದರಿಂದ ಸಂಜೆ ಬಸ್ಸು ಹಿಡಿದು ಮನೆಗೆ ಬರಬಹುದು, ಮರುದಿನ ಬಸ್ಸಿನಲ್ಲೇ ಹೋಗಿ ನಿಲ್ಲಿಸಿದ ಜಾಗದಲ್ಲೇ ಇಳಿಯಬೇಕು. ಮುಂದಕ್ಕೆ ಹೋಗುವ ಒಂದೊಂದು ಹೆಜ್ಜೆಯೂ ಕಾಲಿನದ್ದೇ ಆಗಿರಬೇಕು. ಇಂಗ್ಲೆಂಡಿನಲ್ಲಿ ಪೆಟ್ಟಿಗೆ ವ್ಯಾನಿನಲ್ಲಿ ಹೋದರೆ ನಮ್ಮಲ್ಲಿ ಯಜಮಾನನೇ ಬಸ್ಸಿನಲ್ಲಿ ಹೋಗಿ ಬರುತ್ತಾನೆ, ಅಷ್ಟೇ ವ್ಯತ್ಯಾಸ. ಕೋಣದ ಗೊರಸಿನಷ್ಟು ದಪ್ಪನೆಯ ಒಂದು ಜೊತೆ ಶೂ ಕೊಂಡೆ.

ಮೊದಲ ದಿನ ಕಾಪುವಿನಿಂದ ಶಿರ್ವದವರೆಗೆ. ನಡೆಯುವುದು ಕಷ್ಟವಲ್ಲ, ನಡೆಯಲು ಬಿಡುವವರಿಲ್ಲ ಎಂಬುದು ಆಗಲೇ ತಿಳಿದದ್ದು. ನಮ್ಮ ಜಿಲ್ಲೆಯಲ್ಲಿ ರಸ್ತೆ ಬದಿ ಒಬ್ಬ ಮನುಷ್ಯ ಸುಮ್ಮನೆ ನಡೆಯುತ್ತಿದ್ದಾನೆಂದರೆ ಅವನಿಗೇನೋ ಆಗಿದೆ ಎಂದೇ ಅರ್ಥ. ಸ್ಕೂಟರಿನವರು ನಿಲ್ಲಿಸಿ "ಹತ್ತಿ" ಎಂದರು. ರಿಕ್ಷಾದವನು ಹಿಂದೆ ಬಂದು "ಮನೆಯಲ್ಲಿ ಜಗಳವಾ?" ಎಂದು ಮೆಲ್ಲಗೆ ಕೇಳಿದ. ಉಡುಪಿ–ಕಾರ್ಕಳ ಬಸ್ಸೊಂದು ನನ್ನ ಮೊಣಕೈ ಸವರುವಂತೆ ನಿಂತಿತು, ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ "ಬನ್ನಿ ಬನ್ನಿ, ಸೀಟು ಉಂಟು" ಎಂದ. ನಡೆದೇ ಹೋಗುತ್ತೇನೆ ಎಂದೆ. ಅವನ ಮುಖದಲ್ಲಿ ಕರುಣೆ ತುಂಬಿ ಬಂತು. "ಪರ್ಸ್ ಕಳ್ಕೊಂಡ್ರಾ? ಟಿಕೆಟ್ ಬೇಡ, ಹತ್ತಿ ಮಾರಾಯ್ರೇ!" ಬಸ್ಸಿನ ಅಷ್ಟೂ ಕಿಟಕಿಗಳು ನನ್ನನ್ನೇ ನೋಡಿದವು. ಸಂಜೆ ಶಿರ್ವದಲ್ಲಿ ಕಾಲೆಳೆಯುತ್ತಾ ಮನೆಗೆ ಹೋಗುವ ಬಸ್ಸು ಹತ್ತಿದರೆ ಅದೇ ಕಂಡಕ್ಟರ್! "ಬೆಳಿಗ್ಗೆಯೇ ಹತ್ತಿದ್ರೆ ಇಷ್ಟೊತ್ತಿಗೆ ಕಾರ್ಕಳಕ್ಕೆ ಹೋಗಿ ಬಂದಾಗ್ತಿತ್ತು, ಅಲ್ವಾ?" ಎಂದ.

ಎರಡನೆಯ ದಿನ ನಾಲ್ಕನೆಯ ಸ್ಕೂಟರ್ ನಿಂತಾಗ ತಾಳ್ಮೆ ಕೆಟ್ಟು ಒಂದು ಸುಳ್ಳು ಹೇಳಿದೆ: "ಹರಕೆ ಉಂಟು." ಆ ಒಂದು ಶಬ್ದಕ್ಕೆ ಎಂಥ ಶಕ್ತಿ! ಸ್ಕೂಟರಿನವನು ಹೆಲ್ಮೆಟ್ ತೆಗೆದು ಕೈಮುಗಿದ. ಎಳನೀರಿನವಳು ಕಾಸು ಮುಟ್ಟಲಿಲ್ಲ. ಕಂಡಕ್ಟರನಿಗೂ ಅದನ್ನೇ ಹೇಳಿದೆ. ಅವನು ಕೆನ್ನೆ ಬಡಿದುಕೊಂಡು, "ಮೊದಲೇ ಹೇಳ್ಬಾರ್ದಾ!" ಎಂದ. ವಿರಾಮದ ನಡಿಗೆಗೆ ನಮ್ಮಲ್ಲಿ ಹೆಸರಿಲ್ಲ, ಹರಕೆಗಾದರೆ ರಸ್ತೆಯೇ ಬಿಟ್ಟುಕೊಡುತ್ತಾರೆ. ನಾನೂ ನಿಧಾನವಾಗಿ ಭಕ್ತನ ಮುಖ ಮಾಡಿಕೊಂಡೆ.

ಆದರೆ ಬೆಳ್ಮಣ್ ತಲುಪುವಾಗ ಬಲಗಾಲಿನ ಮೊಣಗಂಟು ಬೇರೆಯೇ ಮಾತಾಡತೊಡಗಿತ್ತು. ನಾಳೆ ಇಲ್ಲಿಂದ ನಿಟ್ಟೆಯವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಶಾರದೆಗೆ ಹೇಗೆ ಗೊತ್ತಾಗುತ್ತದೆ ಎಂದು ಲೆಕ್ಕ ಹಾಕುತ್ತಾ ಒಂದು ಮನೆಯ ಗೇಟಿನ ಬಳಿ ನಿಂತೆ. ಜಗಲಿಯಲ್ಲಿ ಕುಳಿತಿದ್ದ ಅಜ್ಜಿ ಕೈಬೀಸಿ ಕರೆದು, ನೀರು ಬೆಲ್ಲ ತರಿಸಿ ಕೊಟ್ಟರು. ಸೆಲಿನ್ ಬಾಯಿ ಎಂದು ಹೆಸರು. ನನ್ನ ಸುದ್ದಿ ನನಗಿಂತ ಮೊದಲೇ ಅವರನ್ನು ಮುಟ್ಟಿತ್ತು.

"ಹರಕೆಯವರು ನೀವೇ ಅಲ್ವಾ? ಅತ್ತೂರು ಇಗರ್ಜಿಗಾ?" ಎಂದು ಕೇಳಿದರು. ಅತ್ತೂರು ಇರುವುದು ಕಾರ್ಕಳಕ್ಕೆ ಸ್ವಲ್ಪ ಮೊದಲು, ಅಲ್ಲಿನ ಚರ್ಚಿಗೆ ಜಾತಿ ಮತ ನೋಡದೆ ಎಲ್ಲರೂ ಹರಕೆ ಹೊರುತ್ತಾರೆ. ಬಾಯಿ ತುಂಬ ಬೆಲ್ಲವಿದ್ದುದರಿಂದ ತಲೆಯಾಡಿಸಿದೆ. ಅಜ್ಜಿ ಒಳಗೆ ಹೋಗಿ, ಪೇಪರಿನಲ್ಲಿ ಸುತ್ತಿದ ಎರಡು ಮೇಣದಬತ್ತಿ ತಂದು ನನ್ನ ಕೈಗಿಟ್ಟರು. "ನನ್ನ ಗಂಟುನೋವಿಗೆ ಹೇಳಿಕೊಂಡದ್ದು. ಕಾರಿನಲ್ಲಿ ಮಗ ಕರ್ಕೊಂಡು ಹೋಗ್ತಾನೆ. ಆದ್ರೆ ನಡೆದು ಬರ್ತೇನೆ ಅಂತ ಹೇಳಿ ಆಗಿದೆಯಲ್ಲ, ಎಂತ ಮಾಡುವುದು? ನಡೆದು ಹೋಗುವವರ ಕೈಯಲ್ಲಿ ಕೊಟ್ರೆ ನಾನು ನಡೆದ ಹಾಗೆಯೇ."

ಬತ್ತಿಗಳನ್ನು ಚೀಲಕ್ಕೆ ಹಾಕಿಕೊಂಡೆ. ನನ್ನ ಬಸ್ಸಿನ ಯೋಜನೆ ಅಲ್ಲಿಯೇ ಸತ್ತುಹೋಯಿತು. ಹೆಂಡತಿಗೆ ಸುಳ್ಳು ಹೇಳಿ ಅಭ್ಯಾಸವಿದೆ. ಆದರೆ ಮುದುಕಿಯೊಬ್ಬಳ ಕಾಲನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತುವಷ್ಟು ನಾನು ಕೆಟ್ಟವನಲ್ಲ.

ಮೂರನೆಯ ದಿನ ನಂದಳಿಕೆ ದಾಟುವಾಗ ಬಿಸಿಲು ನೆತ್ತಿಗೇರಿತ್ತು, ಮೊಣಗಂಟು ಬಾತಿತ್ತು. ಹಿಂದಿನಿಂದ ಅದೇ ಬಸ್ಸಿನ ಹಾರನ್ ಕೇಳಿಸಿತು. ದೇವರೇ, ಆ ಕಂಡಕ್ಟರ್ ಒಮ್ಮೆ ಒತ್ತಾಯ ಮಾಡಲಿ, ಬಲವಂತಕ್ಕೆ ಹತ್ತಿದರೆ ಪಾಪವಿಲ್ಲ ಎಂದು ಬೇಡಿಕೊಂಡೆ. ಬಸ್ಸು ನಿಧಾನವಾಯಿತು. ಕಂಡಕ್ಟರ್ ಬಾಗಿಲಿಗೆ ಬಂದ, ನನ್ನ ಕುಂಟುವಿಕೆಯನ್ನು ಭಕ್ತಿಯಿಂದ ನೋಡಿದ, ಕೈಮುಗಿದ. "ಇವತ್ತು ಕರೆಯುವುದಿಲ್ಲ ಸ್ವಾಮಿ. ಹರಕೆಯವರನ್ನು ಕರೆದ ಪಾಪ ನನಗೆ ಬೇಡ. ರೈಟ್ ಪೋಯಿ!" ಎಂದು ಸೀಟಿ ಊದಿದ. ಖಾಲಿ ಸೀಟುಗಳನ್ನು ಹೊತ್ತುಕೊಂಡು ಬಸ್ಸು ತಿರುವಿನಲ್ಲಿ ಮರೆಯಾಯಿತು. ನನಗೆ ಅಳುವೇ ಬಂತು.

ಅಂತೂ ಅತ್ತೂರು ತಲುಪಿದೆ. ಎರಡೂ ಬತ್ತಿ ಹಚ್ಚಿ, ಸೆಲಿನ್ ಬಾಯಿಯ ಗಂಟುನೋವು ಹೋಗಲಿ ಎಂದು ಮನಸಾರೆ ಕೇಳಿಕೊಂಡೆ. ಸಂಜೆ ಕಾರ್ಕಳದ ಬಸ್‌ಸ್ಟ್ಯಾಂಡಿನಿಂದ ಫೋನು ಮಾಡಿದೆ. ಶಾರದೆ "ಪೂರ್ತಿಯಾ?" ಎಂದಳು. "ಪೂರ್ತಿ" ಎಂದೆ. "ಹಾಗಾದ್ರೆ ಬನ್ನಿ, ಪಾಯಸ ಮಾಡ್ತೇನೆ" ಎಂದಳು. ಮೂವತ್ತು ವರ್ಷದಲ್ಲಿ ಅವಳ ಆ ದನಿಯನ್ನು ನಾನು ಹೆಚ್ಚು ಸಲ ಕೇಳಿಲ್ಲ.

ಮರುವಾರ ಸುಳ್ಳನ್ನು ಒಪ್ಪಿಕೊಂಡುಬಿಡೋಣವೆಂದು ಬೆಳ್ಮಣ್ಣಿಗೆ ಹೋದೆ, ಬಸ್ಸಿನಲ್ಲಿ. ಸೆಲಿನ್ ಬಾಯಿ ಅಂಗಳದಲ್ಲಿ ಓಡಾಡುತ್ತಿದ್ದರು. ನೋವು ಎಷ್ಟೋ ಕಡಿಮೆಯಂತೆ. ಕುಂಟುತ್ತಾ ಹೋಗಿ, ನನಗೆ ಹರಕೆಯೇ ಇರಲಿಲ್ಲ ಎಂದು ಹೇಳಿದೆ.

"ಗೊತ್ತುಂಟು" ಎಂದರು ಅಜ್ಜಿ. "ಹರಕೆಯವರು ಅಂಥಾ ದೊಡ್ಡ ಶೂ ಹಾಕ್ತಾರಾ? ಗೇಟಿನ ಹತ್ತಿರ ನಿಂತು ನೀವು ಬಸ್‌ಸ್ಟಾಪನ್ನೇ ನೋಡ್ತಾ ಇದ್ರಿ. ಅದಕ್ಕೇ ಎರಡು ಕ್ಯಾಂಡಲ್ ಕೊಟ್ಟದ್ದು. ಒಂದು ನನ್ನ ಗಂಟಿಗೆ, ಇನ್ನೊಂದು ಈ ಮನುಷ್ಯ ಹಿಡಿದ ಕೆಲಸ ಮುಗಿಸಲಿ ಅಂತ."

ಅವರ ಎರಡೂ ಬತ್ತಿ ಫಲಿಸಿದವು. ನನ್ನ ಮೊಣಗಂಟಿಗೆ ವೈದ್ಯರು ಹದಿನಾಲ್ಕು ದಿನ ಹಚ್ಚಲು ಎಣ್ಣೆ ಕೊಟ್ಟಿದ್ದಾರೆ. ಐದನೆಯ ದಿನಕ್ಕೆ ನಿಲ್ಲಿಸಿದ್ದೇನೆ. ಬಾಟಲಿ ಈಗ ಕೊಳಲಿನ ಪಕ್ಕದಲ್ಲಿದೆ.