ರಬ್ಬರ್ ಕಪ್ಪೆಯನ್ನು ಕಡೆಗಣಿಸಿದ ಕೊರಮೀನಿನವರ ಸನ್ನಿಧಾನಕ್ಕೆ

ಇವರಿಗೆ,
ಶ್ರೀಮಾನ್ ಕೊರಮೀನಿನವರು,
ಜೊಂಡಿನ ಮರೆ, ಪಡುವಣ ದಂಡೆ,
ಕೋಗಿಲು ಆಚೆಯ ಕೆರೆ, ಯಲಹಂಕ.

ಮಾನ್ಯರೇ,

ತಮ್ಮ ಕಪ್ಪು ಬೆನ್ನಿಗೂ, ಹಾವಿನಂಥ ತಲೆಗೂ, ಆಗಾಗ ನೀರಿನ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಯಾರ ಮುಲಾಜೂ ಇಲ್ಲದೆ ಕೆಳಗಿಳಿಯುವ ತಮ್ಮ ಗಾಂಭೀರ್ಯಕ್ಕೂ ಮೊದಲು ನನ್ನ ಸಾಷ್ಟಾಂಗ ನಮಸ್ಕಾರಗಳು. ತಾವಿರುವ ನೀರು ಹೇಗಿದೆ ಎಂದು ವಿಚಾರಿಸುವುದು ಶಿಷ್ಟಾಚಾರವಾದರೂ, ಆ ನೀರನ್ನು ನಾನೂ ವರ್ಷವಿಡೀ ಹತ್ತಿರದಿಂದ ಮೂಸಿರುವುದರಿಂದ ಆ ವಿಷಯ ಎತ್ತಿ ತಮ್ಮ ಮನಸ್ಸು ನೋಯಿಸಲು ಇಷ್ಟವಿಲ್ಲ. ನಾನು ನಂದಕುಮಾರ್, ಕೋಗಿಲಿನ ದಿವಂಗತ ಬ್ಯಾಟರಾಯಪ್ಪನವರ ಮಗ, ಯಶವಂತಪುರದ ಔಷಧಿ ಸಗಟು ಅಂಗಡಿಯೊಂದರಲ್ಲಿ ಮ್ಯಾನೇಜರ್. ಹೆಸರಿನಿಂದ ಗುರುತು ಸಿಗದಿದ್ದರೆ, ಜೊಂಡಿನ ಬಣ್ಣದ ಟೋಪಿ ಹಾಕಿಕೊಂಡು, ತಾನು ಯಾರ ಕಣ್ಣಿಗೂ ಬೀಳುತ್ತಿಲ್ಲವೆಂದು ನಂಬಿ, ಪ್ರತಿ ಭಾನುವಾರ ಬೆಳಗ್ಗೆ ತಮ್ಮ ಮನೆಯ ಮುಂದೆ ನಿಲ್ಲುತ್ತಿದ್ದ ಆ ದಪ್ಪನೆಯ ಮನುಷ್ಯ ನಾನೇ.

ದೂರಿಗೆ ಹೋಗುವ ಮುನ್ನ ಅದರ ಮೂಲವನ್ನು ಅರಿಕೆ ಮಾಡಿಕೊಳ್ಳಬೇಕು. ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಕಡೆ ತೀರಿಕೊಂಡ ಹಿರಿಯರಿಗೆ ಅವರು ಇಷ್ಟಪಡುತ್ತಿದ್ದ ತಿನಿಸುಗಳನ್ನೆಲ್ಲ ಎಲೆಯಲ್ಲಿ ಬಡಿಸಿ ಎಡೆ ಇಡುತ್ತಾರೆ, ಅದರಲ್ಲೊಂದು ಪಾಲನ್ನು ಮಹಡಿಯ ಮೇಲಿಡುತ್ತಾರೆ, ಕಾಗೆ ಬಂದು ಮುಟ್ಟಿದರೆ ಹಿರಿಯರು ಉಂಡರೆಂದು ಲೆಕ್ಕ. ಹೋದ ವರ್ಷ ಅಪ್ಪನ ಮೊದಲ ಎಡೆಗೆ, ಕೆಲಸದ ಗಡಿಬಿಡಿಯಲ್ಲಿ, ನಾನು ಸೂಪರ್ ಮಾರ್ಕೆಟಿನ ಫ್ರೀಜರ್‌ನಿಂದ ಮುಳ್ಳು ತೆಗೆದ, ತಲೆಯಿಲ್ಲದ, ಊರು ಹೆಸರು ಗೊತ್ತಿಲ್ಲದ ಬಿಳಿ ಮೀನಿನ ತುಂಡುಗಳನ್ನು ತಂದೆ. ಕಾಗೆ ಬಂತು. ವಡೆ ತಿಂದಿತು, ಮಟನ್ ತಿಂದಿತು, ಮೀನಿನ ತುಂಡನ್ನು ಮಾತ್ರ ಕೊಕ್ಕಿನಿಂದ ಎಲೆಯ ಅಂಚಿಗೆ ತಳ್ಳಿ ಹಾರಿಹೋಯಿತು. ನನ್ನ ತಾಯಿ ಮುನಿಕೆಂಪಮ್ಮ ಅದನ್ನು ನೋಡಿ, ಬಂದಿದ್ದ ನೆಂಟರೆಲ್ಲರ ಎದುರು, “ನಿಮ್ಮಪ್ಪಂಗೆ ಇಂಥಾ ಮೀನು ಇಕ್ಕೀಯೇನೋ? ಅವ್ರು ತಿನ್ನೋಗಂಟ ನಾನೂ ಮೀನು ಮುಟ್ಟಾಕಿಲ್ಲ” ಎಂದುಬಿಟ್ಟರು. ಒಣಮೀನಿನ ಒಂದು ಚೂರಾದರೂ ಇಲ್ಲದೆ ಮುದ್ದೆ ಇಳಿಯದ ಹೆಂಗಸು, ಅಂದಿನಿಂದ ಸೊಪ್ಪಿನ ಸಾರು ಕಲಸಿಕೊಂಡು, ಅರ್ಧ ಮುದ್ದೆಗೇ ತಟ್ಟೆ ಸರಿಸತೊಡಗಿದರು. ರವಿಕೆಗಳೆಲ್ಲ ಸಡಿಲವಾದವು. ನನಗೆ ಭಯವಾಯಿತು.

ಅಪ್ಪ ಬದುಕಿದ್ದಾಗ ಬಿದಿರು ಕಡ್ಡಿ, ದಾರ, ಒಂದು ಗಾಳ ಇಷ್ಟೇ ಹಿಡಿದು ಹೋಗಿ ತಮ್ಮ ವಂಶಸ್ಥರೊಬ್ಬರನ್ನು ದಾರಕ್ಕೆ ಪೋಣಿಸಿ ಬೀದಿಯವರೆಲ್ಲ ನೋಡುವಂತೆ ತೂಗಾಡಿಸುತ್ತ ತರುತ್ತಿದ್ದದ್ದು ನನಗೆ ನೆನಪಿತ್ತು. ಆದ್ದರಿಂದ ನೆಂಟರ ಎದುರಿಗೇ ಎದ್ದು ನಿಂತು, ಮುಂದಿನ ಎಡೆಗೆ ಇದೇ ಕೆರೆಯ ಕೊರಮೀನನ್ನು ನಾನೇ ನನ್ನ ಕೈಯಾರೆ ಹಿಡಿದು ತರುತ್ತೇನೆಂದು ಘೋಷಿಸಿದೆ. ನನ್ನ ಹೆಂಡತಿ ಶಶಿರೇಖಾ ಆಗಲೇ ಕಣ್ಣು ಮುಚ್ಚಿಕೊಂಡಳು.

ಮಾನ್ಯರೇ, ವಿದ್ಯೆಯಿಲ್ಲದೆ ತಮ್ಮಂಥವರ ಬಳಿ ಬರುವುದು ಅಗೌರವವೆಂದು ನಾನು ಗುರುವನ್ನು ಹುಡುಕಿದೆ. ಅಮೆರಿಕದಲ್ಲಿ ಡ್ವೇಯ್ನ್ ಎಂಬ ಮಹನೀಯರು ಮೊಬೈಲಿನಲ್ಲೇ ಬಾಸ್ ಎಂಬ ಮೀನು ಹಿಡಿಯುವ ಪಾಠ ಹೇಳುತ್ತಾರೆ. ಆ ಬಾಸ್ ಎಂಬುವವರೂ ತಮ್ಮ ಹಾಗೆಯೇ ಜೊಂಡಿನಲ್ಲಿ ಅವಿತು ಕೂತು ಹೊಂಚು ಹಾಕುವ, ದೊಡ್ಡ ಬಾಯಿಯ, ಮುಂಗೋಪದ ಜನವೆಂದು ತಿಳಿದು, ಅವರಿಗೆ ಹಿಡಿಸಿದ್ದು ತಮಗೂ ಹಿಡಿಸೀತೆಂದು ನಾನು ಭಾವಿಸಿದೆ. ಗಾಳದ ರಾಡು ಬಂತು, ದಾರ ಸುತ್ತುವ ರೀಲು ಬಂತು, ಜೊಂಡಿಗೆ ಉಜ್ಜಿದರೂ ಹರಿಯದ ಹೆಣೆದ ದಾರ ಬಂತು, ಹೊಟ್ಟೆಯ ಕೆಳಗೆ ಎರಡು ಕೊಕ್ಕೆಗಳನ್ನು ಸಂಭಾವಿತನಂತೆ ಬಚ್ಚಿಟ್ಟುಕೊಂಡ ರಬ್ಬರ್ ಕಪ್ಪೆಗಳ ಒಂದು ಸಂಸಾರವೇ ಬಂತು. ಬಿಸಿಲಿನ ಹೊಳಪು ಕತ್ತರಿಸಿ ನೀರೊಳಗನ್ನು ತೋರಿಸುವ ಕನ್ನಡಕವೂ ಬಂತು. ಅದನ್ನು ಹಾಕಿಕೊಂಡು ನೋಡಿದಾಗ ತಮ್ಮ ಕೆರೆಯ ತಳದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಸ್ಪಷ್ಟವಾಗಿ ಕಂಡಿತು.

ಎಸೆಯುವ ಅಭ್ಯಾಸ ಮನೆಯ ತಾರಸಿಯ ಮೇಲೆ ಆಯಿತು. ಕಪ್ಪೆ ನೀರು ಮುಟ್ಟುವ ಹೊತ್ತಿಗೆ ಹೆಬ್ಬೆರಳಿನಿಂದ ರೀಲನ್ನು ಒತ್ತಿ ನಿಲ್ಲಿಸಬೇಕು, ಇಲ್ಲದಿದ್ದರೆ ದಾರ ಉಕ್ಕಿ ಬಂದು ಗುಬ್ಬಿಗೂಡಾಗುತ್ತದೆ ಎಂದು ಡ್ವೇಯ್ನ್ ಅವರು ಎಚ್ಚರಿಸಿದ್ದರು. ಅವರು ಹೇಳಿದ್ದು ನಿಜವೆಂದು ನಾನು ದಿನಕ್ಕೊಂದು ಗೂಡು ಕಟ್ಟಿ ಸಾಬೀತು ಮಾಡಿದೆ. ಒಂದು ಸಲ ಗೂಡಾಗದೆ ದಾರ ನೇರವಾಗಿ ಹೋದಾಗ ಆದ ಆನಂದ ಮಾತ್ರ ಬಹಳ ಹೊತ್ತು ಉಳಿಯಲಿಲ್ಲ, ಏಕೆಂದರೆ ಕಪ್ಪೆ ನಾನು ಗುರಿಯಾಗಿಟ್ಟಿದ್ದ ಬಕೆಟ್ಟಿನ ಬದಲು ಮೇಲಿನ ಮನೆಯ ಬಾಡಿಗೆದಾರರಾದ ಕಲಬುರಗಿಯ ಶಿವಶರಣಪ್ಪನವರ ಒಣಹಾಕಿದ ಧೋತ್ರವನ್ನು ಕಚ್ಚಿತ್ತು. “ಏನ್ರೀ ಸರ್, ನನ್ನ ಧೋತ್ರ ಹಿಡದ್ರ ಮೀನ ಸಿಗ್ತಾವೇನ್ರೀ?” ಎಂದು ಅವರು ಬಹಳ ಮರ್ಯಾದೆಯಿಂದ ಕೇಳಿದರು. ಆಮೇಲೆ ಅವರು ಬಟ್ಟೆ ಒಣಹಾಕುವ ಮುನ್ನ ನನ್ನ ವೇಳಾಪಟ್ಟಿ ವಿಚಾರಿಸತೊಡಗಿದರು.

ಕೆರೆಯ ಮೀನಿನ ಗುತ್ತಿಗೆ ಹಿಡಿದಿರುವ ಖಾದರ್ ಬಾಷಾ ಅವರ ಅಪ್ಪಣೆ ಪಡೆದು ನಾನು ತಮ್ಮ ದಂಡೆಗೆ ಬಂದೆ. ಅಲ್ಲಿಂದ ಮುಂದಿನದು ತಮಗೇ ಗೊತ್ತು. ಸೂರ್ಯನಿಗೆ ಬೆನ್ನು ಕೊಟ್ಟು ನಿಂತರೆ ನೆರಳು ನೀರಿನ ಮೇಲೆ ಬಿದ್ದು ಮೀನು ಬೆದರುತ್ತದೆಂದು ಪಾಠವಿತ್ತು, ನಾನು ಸೂರ್ಯನಿಗೆ ಮುಖ ಕೊಟ್ಟು ನಿಂತು ಕರಟಿಹೋದೆ. ಕಪ್ಪೆಯನ್ನು ತಮ್ಮ ತಲೆಯ ಮೇಲೆ ಎಸೆಯದೆ, ಜೊಂಡಿನ ಆಚೆ ಎಸೆದು, ಅಲೆ ಅಡಗುವವರೆಗೆ ಕಾದು, ದಾರ ಸ್ವಲ್ಪ ಸಡಿಲ ಬಿಟ್ಟು, ರಾಡಿನ ತುದಿಯನ್ನು ಚಿಕ್ಕದಾಗಿ ಕುಟುಕುತ್ತ ಕಪ್ಪೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸುತ್ತ ತರಬೇಕೆಂದಿತ್ತು, ಹಾಗೆಯೇ ತಂದೆ. ತಾವು ಅದರ ಪಕ್ಕದಲ್ಲೇ ಮೇಲೆದ್ದು, ಕಪ್ಪೆಯನ್ನು ಒಮ್ಮೆ ನೋಡಿ, ಒಂದು ಕೊಡತಿಹುಳುವನ್ನು ತಿಂದು, ಆಕಳಿಸಿದಂತೆ ಬಾಯಿ ತೆರೆದು ಒಳಗೆ ಹೋದಿರಿ. ಕಲಕಿದ ನೀರಿಗೆ ಕಪ್ಪು ಬಣ್ಣ, ತಿಳಿನೀರಿಗೆ ಮಾಸಲು ಬಣ್ಣ ಎಂದು ಡ್ವೇಯ್ನ್ ಅವರ ಸಲಹೆ. ತಮ್ಮ ಕೆರೆಯ ಬಣ್ಣ ಅವರ ಪಟ್ಟಿಯಲ್ಲಿರಲಿಲ್ಲ.

ಕಪ್ಪೆ ಬೇಡವಾದರೆ ಹುಳುವಾದರೂ ರುಚಿಸೀತೆಂದು, ಕೊಕ್ಕೆಯ ಮೊನೆಯನ್ನು ರಬ್ಬರ್ ಹುಳುವಿನ ಮೈಯೊಳಗೇ ಹುದುಗಿಸಿ, ಮುಂದೆ ಸೀಸದ ಗುಂಡು ಜಾರುವಂತೆ ಕಟ್ಟಿ, ಜೊಂಡಿನ ಬುಡದಲ್ಲಿ ತೆವಳಿಸಿದೆ. ಅದಕ್ಕೆ ಒಂದು ಹವಾಯಿ ಚಪ್ಪಲಿ ಸಿಕ್ಕಿತು. ಎಡಗಾಲಿನದು. ಇಷ್ಟೆಲ್ಲದರ ನಡುವೆಯೂ ಯಾವುದೇ ಮೋಸಕ್ಕೆ ಒಳಗಾಗದ ತಮ್ಮ ವಿವೇಕವನ್ನೂ ನಾಲಿಗೆಯ ಹಿಡಿತವನ್ನೂ ನಾನು ಮನಸಾರೆ ಮೆಚ್ಚುತ್ತೇನೆ. ನಮ್ಮ ಅಂಗಡಿಗೆ ಬರುವ ಸಕ್ಕರೆ ಕಾಯಿಲೆಯವರಿಗೆ ತಾವೊಮ್ಮೆ ಬಂದು ಉಪನ್ಯಾಸ ಕೊಡುವುದಾದರೆ ಟಬ್ಬಿನ ವ್ಯವಸ್ಥೆ ನನ್ನದು.

ಈಗ ದೂರಿನ ಮುಖ್ಯ ಭಾಗ. ಈ ಅಮಾವಾಸ್ಯೆಯ ದಿನ, ಇನ್ನೂ ಬೆಳಕು ಹರಿಯುತ್ತಿರುವಾಗ, ಕೊನೆಯ ಸಲ ಬಂದೆ. ಆ ದಿನ ಬರಿಗೈಯಲ್ಲಿ ಹೋದರೆ ಅಮ್ಮ ಇನ್ನೊಂದು ವರ್ಷ ಸೊಪ್ಪಿನ ಸಾರಿನಲ್ಲೇ ಕಳೆಯಬೇಕು, ಅವರ ವಯಸ್ಸಿಗೆ ವರ್ಷ ಎಂಬುದು ಸಣ್ಣ ಮಾತಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಳ್ಳುತ್ತ ಬಂದೆ. ಅವಸರದಲ್ಲಿ ಎಸೆದ ಕಪ್ಪೆ ಎಲ್ಲಿಗೋ ಹೋಗಿ ಬಿತ್ತು. ಬಿದ್ದ ಕೂಡಲೇ ನೀರು ಸಿಡಿದು ತಾವು ಅದನ್ನು ನುಂಗಿದಿರಿ! ತಕ್ಷಣ ಎಳೆಯಬಾರದು, ರಾಡಿನ ತುದಿ ತಗ್ಗಿಸಿ, ದಾರದ ಸಡಿಲು ಸುತ್ತಿಕೊಂಡು, ಭಾರ ಕೈಗೆ ತಿಳಿದ ಮೇಲೇ ಜೋರಾಗಿ ಎತ್ತಬೇಕು ಎಂಬ ಪಾಠ ಆ ಗಾಬರಿಯಲ್ಲೂ ನೆನಪಾಗಿ, ಹಾಗೆಯೇ ಎತ್ತಿದೆ, ತಾವು ದಂಡೆಗೆ ದಯಮಾಡಿಸಿದಿರಿ. ನಾನು ಕೂಗಿದ ಕೂಗಿಗೆ ಆಚೆ ದಂಡೆಯ ವಾಕಿಂಗ್‌ನವರು ನಿಂತುಬಿಟ್ಟರು.

ಆಗ ನೀರು ನೋಡಿದೆ. ತಾವು ಎದ್ದ ಜಾಗದಲ್ಲಿ ಕೆಂಪನೆಯ ಸಣ್ಣ ಸಣ್ಣ ಮರಿಗಳ ಒಂದು ದೊಡ್ಡ ಗುಂಪು, ಕಾದ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಚಟಪಟಿಸುತ್ತ, ದಿಕ್ಕು ತೋಚದೆ ಸುತ್ತುತ್ತಿತ್ತು. ಅಂದರೆ ತಮಗೆ ಹಸಿವಾಗಿರಲಿಲ್ಲ. ನನ್ನ ಎಸೆತ, ಕುಟುಕು, ಬಣ್ಣ ಯಾವುದಕ್ಕೂ ತಾವು ಮರುಳಾಗಿರಲಿಲ್ಲ. ಮಕ್ಕಳ ಮೇಲೆ ಬಿದ್ದ ಕಪ್ಪೆಯನ್ನು ಅಪ್ಪನಾಗಿ ಒದೆಯಲು ಬಂದಿದ್ದಿರಿ, ಅಷ್ಟೇ. ಡ್ವೇಯ್ನ್ ಅವರು ಇದರ ಬಗ್ಗೆ ಪಾಠ ಹೇಳಿದ್ದರೆ, ಆ ಹೊತ್ತಿಗೆ ನಾನು ಟೋಪಿ ಆರಿಸುವುದರಲ್ಲಿದ್ದೆ. ಅಪ್ಪನ ಎಡೆಗೆಂದು ಬಂದವನ ಕೈಗೆ ಹೀಗೆ ಸಂಸಾರ ಸಮೇತ ಸಿಕ್ಕಿಬೀಳುವುದು ಯಾವ ನ್ಯಾಯ? ಕೊಕ್ಕೆ ಬಿಡಿಸಿ ತಮ್ಮನ್ನು ನೀರಿಗೆ ಬಿಟ್ಟೆ. ಬಿಟ್ಟ ಮೇಲೆ ದಂಡೆಯಲ್ಲಿ ಕೂತು, ನಾಚಿಕೆಯಿಲ್ಲದೆ ಹೇಳುತ್ತೇನೆ, ಅತ್ತೆ.

ಮನೆಗೆ ಬಂದರೆ ಬಾಗಿಲಲ್ಲೇ ಮೀನು ಸಾರಿನ ಘಮ! ಒಲೆಯ ಮೇಲೆ ಜಿಲೇಬಿ ಮೀನಿನ ಸಾರು ಕುದಿಯುತ್ತಿತ್ತು. ಸಂತೆಯಲ್ಲಿ ಯಾರೂ ತಿರುಗಿ ನೋಡದ, ಮುಳ್ಳೇ ಮುಳ್ಳಾದ ಅದೇ ಬಡ ಜಿಲೇಬಿ. ಅಮ್ಮ ವಾರದ ಹಿಂದೆಯೇ ಖಾದರ್ ಬಾಷಾಗೆ ಹೇಳಿಕಳಿಸಿದ್ದರಂತೆ. ನಾನು ತಲೆ ತಗ್ಗಿಸಿ ಸಿಕ್ಕಿದ್ದು, ಬಿಟ್ಟದ್ದು ಎಲ್ಲ ಹೇಳಿದೆ. ಅಮ್ಮ ನನ್ನ ಕೈ ಹಿಡಿದೆಳೆದು ಮೂಸಿ, ಸ್ವಲ್ಪ ಹೊತ್ತು ಬಿಡಲೇ ಇಲ್ಲ. ಆಮೇಲೆ, “ನಿಮ್ಮಪ್ಪ ಆಗಿದ್ರೆ ಬಿಡ್ತಿರಲಿಲ್ಲ ಬಿಡು, ಮರೀನೂ ಸೇರಿಸಿ ತಂದಿರೋರು” ಎಂದು ನಕ್ಕರು. ಮಹಡಿಯ ಮೇಲೆ ಎಲೆ ಇಟ್ಟು ನಾವು ಹಿಂದೆ ಸರಿಯುವ ಮೊದಲೇ ಕಾಗೆ ಬಂದು, ವಡೆಯನ್ನು ದಾಟಿ, ಜಿಲೇಬಿಯನ್ನು ತಲೆ ಸಮೇತ ಎತ್ತಿಕೊಂಡು ಹೋಯಿತು.

ಅಮ್ಮ ಊಟಕ್ಕೆ ಕೂತು ಮುಳ್ಳು ಆರಿಸಿಡುತ್ತ, ಎಲ್ಲರಿಗೂ ಗೊತ್ತಿರುವ ವಿಷಯವೆಂಬಂತೆ ಹೇಳಿದರು: “ನಿಮ್ಮಪ್ಪಂಗೆ ಜಿಲೇಬಿ ಅಂದ್ರೆ ಪ್ರಾಣ. ಕೊರಮೀನು ಅವ್ರು ಬಾಯಿಗಿಕ್ತಿರಲಿಲ್ಲ. ಅದನ್ನ ಇಡೀತಿದ್ದಿದ್ದು ನಂಗೋಸ್ಕರ ಕಣೋ. ಅವ್ರು ಓದ್ಮೇಲೆ ನಾನು ಅದನ್ನ ತಿಂದೇ ಇಲ್ಲ.” ವರ್ಷವೆಲ್ಲ ನಾನು ಒದ್ದಾಡುವಾಗ ಇದನ್ನು ಯಾಕೆ ಹೇಳಲಿಲ್ಲವೆಂದು ಕೇಳಿದರೆ, “ನೀನೆಲ್ಲಿ ಕೇಳ್ದೆ? ಆ ಅಮೆರಿಕದೋನ್ನ ಕೇಳ್ದೆ” ಎಂದು ಇನ್ನೊಂದು ಮುದ್ದೆ ಹಾಕಿಸಿಕೊಂಡರು. ನಾನು ಎದ್ದು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ಆದಕಾರಣ ಮಾನ್ಯರಲ್ಲಿ ನನ್ನ ವಿನಂತಿ ಇಷ್ಟು. ತಮ್ಮ ಮಕ್ಕಳು ದೊಡ್ಡವರಾಗಿ, ಸ್ವಂತ ಜೊಂಡು ನೋಡಿಕೊಂಡು, ಬೇರೆ ಮನೆ ಮಾಡಿದ ಮೇಲೆ, ತಾವು ಬಿಡುವು ಮಾಡಿಕೊಂಡು ಇನ್ನೊಮ್ಮೆ ನನ್ನ ಕಪ್ಪೆಯನ್ನು ಕಚ್ಚಬೇಕು. ಕಪ್ಪೆಯ ಬಣ್ಣವನ್ನು ತಾವೇ ಸೂಚಿಸಬಹುದು. ಎಡೆಗೆ ಅಲ್ಲ, ಅಪ್ಪನದು ಜಿಲೇಬಿಯಲ್ಲಿ ತೀರಿತು. ಅಮ್ಮನ ತಟ್ಟೆಗೆ, ಅವರು ಮುದ್ದೆ ಮುರಿಯುವ ಶಕ್ತಿಯಿರುವಾಗಲೇ, ದಯವಿಟ್ಟು ಬೇಗ ಬನ್ನಿ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ನಂದಕುಮಾರ್ ಬಿ.
ಕೋಗಿಲು, ಯಲಹಂಕ

ತಾ.ಕ.: ಸಾರಿಗೆ ಹುಣಸೆಹುಳಿಯೋ ಮಾವಿನಕಾಯಿಯೋ ಎಂಬ ಬಗ್ಗೆ ತಮ್ಮ ಅಭಿಪ್ರಾಯವಿದ್ದರೆ ಮುಂಚಿತವಾಗಿ ತಿಳಿಸತಕ್ಕದ್ದು. ನಮ್ಮ ಮನೆಯಲ್ಲಿ ಇನ್ನು ಮೇಲೆ ಎಲ್ಲರನ್ನೂ ಬದುಕಿದ್ದಾಗಲೇ ಕೇಳಿಬಿಡುವುದೆಂದು ತೀರ್ಮಾನವಾಗಿದೆ.