ಬಿಸಿಲಿಗೂ ಮಳೆಗೂ ಒಂದು ಪರದೆ

ಆರಿಸುವ ಕೆಲಸ ನನಗೆ ಹೇಳಿ ಮಾಡಿಸಿದ್ದಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ. ನಾನು ಆರಿಸಿ ತಂದ ಬೆಂಡೆಕಾಯಿಗಳನ್ನು ನನ್ನ ಹೆಂಡತಿ ವಸಂತ ಒಂದೊಂದಾಗಿ ತುದಿ ಮುರಿದು ನೋಡುತ್ತಾಳೆ. ಮುರಿಯದೆ ಬಾಗಿದ್ದನ್ನೆಲ್ಲ ನನ್ನ ಕಣ್ಣೆದುರಿಗೇ ಬೇರೆ ಗುಡ್ಡೆ ಹಾಕುತ್ತಾಳೆ. ಗುಡ್ಡೆ ಬೆಳೆಯುತ್ತಾ ಹೋಗುತ್ತದೆ. ಬಟ್ಟೆ ಅಂಗಡಿಯಲ್ಲಿ ನಾನು ಯಾವ ಅಂಗಿಯ ಮೇಲೆ ಕೈಯಿಟ್ಟರೂ ಅದರ ಪಕ್ಕದ್ದನ್ನು ಕಟ್ಟಿಸಿಕೊಂಡು ಬರುವುದು ನಮ್ಮ ಮನೆಯ ಪದ್ಧತಿ. ಮದುವೆಯ ವಿಷಯದಲ್ಲಾದರೂ ಸರಿಯಾಗಿ ಆರಿಸಿದೆನಲ್ಲ ಎಂದು ಒಮ್ಮೆ ಹೇಳಿಕೊಂಡೆ. "ಆರಿಸಿದ್ದು ನಿಮ್ಮಮ್ಮ" ಎಂದಳು.

ಇಂಥವನನ್ನು ಹಿಡಿದು ಚೆನ್ನೈನ ಪೆರುಂಗುಡಿಯಲ್ಲಿರುವ ನಮ್ಮ ಕಂಪನಿ ಒಂದು ಪರದೆಯನ್ನು ಆರಿಸಲು ಹೇಳಿತು. ನಾವು ಪಂಪು, ಮೋಟಾರುಗಳನ್ನು ನಡೆಸುವ ನಿಯಂತ್ರಣ ಪೆಟ್ಟಿಗೆಗಳನ್ನು ಮಾಡುವವರು. ಕ್ರೋಂಪೇಟೆಯಲ್ಲಿ, ಅದೂ ನಾನು ಬಾಡಿಗೆಗಿರುವ ಬೀದಿಯ ಕೊನೆಯಲ್ಲೇ, ಮಳೆನೀರನ್ನು ಎತ್ತಿ ಕಾಲುವೆಗೆ ಹಾಕುವ ಹೊಸ ಪಂಪ್ ಹೌಸ್ ಬಂದಿತ್ತು. ಪಂಪುಗಳನ್ನು ಚಾಲೂ ಮಾಡುವುದು, ನಿಲ್ಲಿಸುವುದು, ನೀರಿನ ಮಟ್ಟ ನೋಡುವುದು, ಎಲ್ಲವೂ ಸ್ಲೇಟಿನಷ್ಟಗಲದ ಒಂದು ಗಾಜಿನ ಪರದೆಯನ್ನು ಬೆರಳಿನಿಂದ ಮುಟ್ಟಿ ಆಗಬೇಕು. ಕಟ್ಟಡದ ಒಳಗೆ ಪಂಪುಗಳನ್ನು ಕೂರಿಸಿದ ಮೇಲೆ ಮನುಷ್ಯ ಮಗ್ಗುಲು ತಿರುಗಲೂ ಜಾಗ ಉಳಿದಿರಲಿಲ್ಲ. ಆದ್ದರಿಂದ ಪರದೆ ಹೊರಗೋಡೆಯ ಮೇಲೆ, ಚೆನ್ನೈನ ಬಿಸಿಲಿಗೂ ಮಳೆಗೂ ಮುಖವೊಡ್ಡಿಕೊಂಡು ಇರಬೇಕಾಯಿತು. "ನೀವು ಅದೇ ಬೀದಿಯವರು, ನೀವೇ ಆರಿಸಿ" ಎಂದರು ನಮ್ಮ ಮುಖ್ಯಸ್ಥರು, ಏನೋ ಬಹುಮಾನ ಕೊಡುವವರಂತೆ.

ನಮ್ಮದು ನೆಲಮಹಡಿಯ ಮನೆ. ಹಿಂದಿನ ಮಳೆಗಾಲದಲ್ಲಿ ಬೀದಿಯ ನೀರು ಹೇಳದೆ ಕೇಳದೆ ನಡುಮನೆಗೆ ಬಂದು, ಅಕ್ಕಿ ಡಬ್ಬವನ್ನು ಎಬ್ಬಿಸಿಕೊಂಡು ಬಾಗಿಲವರೆಗೆ ಕರೆದೊಯ್ದಿತ್ತು. ಪರದೆ ಕೈಕೊಟ್ಟರೆ ಪಂಪು ಓಡುವುದಿಲ್ಲ. ಪಂಪು ಓಡದಿದ್ದರೆ ನೀರು ಮನೆಯೊಳಗೆ. ನೀರು ಮನೆಯೊಳಗೆ ಬಂದರೆ, ಪರದೆಯನ್ನು ಆರಿಸಿದವರು ಯಾರು ಎಂದು ವಸಂತಳಿಗೆ ಗೊತ್ತು. ನಿಜ ಹೇಳಬೇಕೆಂದರೆ ಈ ಕೊನೆಯದಕ್ಕೇ ನಾನು ಹೆಚ್ಚು ಹೆದರಿದ್ದು.

ಮಾರಾಟಗಾರರು ಒಬ್ಬರ ಹಿಂದೊಬ್ಬರು ಬಂದರು. ಅವರಲ್ಲಿ ಒಬ್ಬನಂತೂ ತನ್ನ ಪರದೆ ಹಿಮ ಬೀಳುವ ಚಳಿಯಲ್ಲೂ ಕೆಲಸ ಮಾಡುತ್ತದೆ ಎಂದು ಅರ್ಧ ಗಂಟೆ ವರ್ಣಿಸಿದ. ಚೆನ್ನೈನಲ್ಲಿ ಅಂಥ ಚಳಿ ಸಿಗುವುದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ, ಅಲ್ಲಿ ನಾವು ಪಂಪು ಇಡುವುದಿಲ್ಲ ಎಂದೆ. ಅವನು ನಗಲಿಲ್ಲ. ಎಸಿ ಕೋಣೆಯಲ್ಲಿ ಎಲ್ಲ ಪರದೆಗಳೂ ಮದುಮಕ್ಕಳಂತೆ ಹೊಳೆಯುತ್ತಿದ್ದವು. ಇವುಗಳ ಯೋಗ್ಯತೆ ಬಿಸಿಲಲ್ಲೇ ತಿಳಿಯಬೇಕೆಂದು ನಾನು ನಮೂನೆಗಳನ್ನು ಮನೆಗೆ ಹೊತ್ತು ತಂದು ತಾರಸಿಗೆ ಏರಿಸಿದೆ.

ಮೇ ತಿಂಗಳು. ತಾರಸಿ ಎಂಬುದು ಮೇಲಿನ ಮನೆಯ ರುಕ್ಮಿಣಿ ಮಾಮಿಯ ಸಾಮ್ರಾಜ್ಯ. ಅವರದು ಎಷ್ಟೋ ತಲೆಮಾರಿನ ಹಿಂದೆ ಇಲ್ಲಿಗೆ ಬಂದು ನೆಲೆಸಿದ ಕನ್ನಡದ ಮನೆತನ. ಸೀರೆ ಹಾಸಿ ಸಂಡಿಗೆ ಇಟ್ಟು, ಕಾಗೆ ಓಡಿಸಲು ಕೋಲು ಹಿಡಿದು ಕೂತಿದ್ದರು. "ನೀನು ಅಂದ ಪೆಟ್ಟಿ ಎಲ್ಲ ಮೊಟ್ಟೈ ಮಾಡೀಲಿ ಇಟ್ರೆ ನಾನು ವಡಾಂ ಎಲ್ಲಿ ಕಾಯ ಹಾಕ್ಲಿಪ್ಪಾ?" ಎಂದರು. ತಾರಸಿಗೆ ಮೊಟ್ಟೈ ಮಾಡಿ, ಸಂಡಿಗೆಗೆ ವಡಾಂ, ಒಣಹಾಕುವುದಕ್ಕೆ ಕಾಯ ಹಾಕುವುದು, ಅವರ ಕನ್ನಡ ಹೀಗೆ ಅರ್ಧ ತಮಿಳು. ಕಾಗೆ ಕಾಯುವ ಕೆಲಸದಲ್ಲಿ ನನಗೂ ಪಾಲು ಎಂಬ ಒಪ್ಪಂದದ ಮೇಲೆ ಒಂದು ಮೂಲೆ ಸಿಕ್ಕಿತು.

ಮೊದಲನೆಯ ಪರದೆ ನಡುಹಗಲಿನಲ್ಲಿ ಪೂರ್ತಿ ಕಪ್ಪಾಯಿತು. ಎಷ್ಟು ಇಣುಕಿದರೂ ನೀರಿನ ಮಟ್ಟ ಕಾಣಲಿಲ್ಲ. ಬೀದಿಯ ತಮಿಳಿನಲ್ಲೇ ಮಾತಾಡುವ ಮಗಳು ಬಂದು ನೋಡಿ, "ಅಪ್ಪಾ, ಉಂಗ ಮುಗಂದಾನ್ ತೆರಿಯುದು" ಎಂದಳು. ಹೌದು, ಬೆವರಿಳಿಯುವ ನನ್ನ ಮುಖ ಮಾತ್ರ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಎರಡನೆಯದು ಬಿಸಿಲಲ್ಲಿ ಕಾಣುತ್ತಿತ್ತು, ಆದರೆ ಚಕ್ಕುಲಿ ಒರಳು ಒತ್ತುವಷ್ಟು ಬಲ ಹಾಕಿದರೆ ಮಾತ್ರ ಬಗ್ಗುವ ಜಾತಿ. ಮೂರನೆಯದು ಮಾತ್ರ ಅಪ್ಪಟ ಸುಂದರಿ. ಗಾಜಿನ ಮೈ, ಕಡುಬಿಸಿಲಲ್ಲೂ ಬೆಳಕು, ಫೋನಿನಂತೆ ಬೆರಳು ಸೋಕಿದರೆ ಸಾಕು. ಬಕೆಟ್ಟುಗಟ್ಟಲೆ ನೀರು ಸುರಿದೆ. ಹರಿಯುವ ನೀರನ್ನು ಲೆಕ್ಕಿಸದೆ ನನ್ನ ಬೆರಳಿಗೇ ಓಗೊಟ್ಟಿತು. ಮಾಮಿಯ ಕಣ್ಣು ತಪ್ಪಿಸಿ ಬಂದ ಕಾಗೆಯೊಂದು ಕುಕ್ಕಿತು. ಕಾಗೆಯನ್ನೂ ಲೆಕ್ಕಿಸಲಿಲ್ಲ. ನಾನು ಸೋತೇಹೋದೆ. ಇಷ್ಟು ಒಳ್ಳೆಯ ಪರದೆ ಇರುವಾಗ ಪಂಪು ಚಾಲೂ ಮಾಡಲು ಹಳೆಯ ಕಾಲದ ಗುಂಡಿಗಳೇಕೆ ಎಂದು ಅವನ್ನೂ ತೆಗೆಸಿಬಿಟ್ಟೆ. ತುರ್ತಿನಲ್ಲಿ ನಿಲ್ಲಿಸಲು ಒಂದು ಕೆಂಪು ಗುಂಡಿ ಮಾತ್ರ ಉಳಿಯಿತು. ತುರ್ತಿನಲ್ಲಿ ಶುರು ಮಾಡಬೇಕಾದೀತು ಎಂದು ನನಗೆ ಹೊಳೆಯಲಿಲ್ಲ.

ಆಯುಧಪೂಜೆ ಬಂತು. ಪಂಪ್ ಹೌಸಿನ ಆಪರೇಟರ್ ಏಳುಮಲೈ ದೈವಭಕ್ತ, ಗಟ್ಟಿ ಗಂಟಲಿನವನು, ಮಾಡುವುದನ್ನು ಅದ್ದೂರಿಯಾಗಿಯೇ ಮಾಡುವವನು. ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಬೀದಿಗೆಲ್ಲ ಪುರಿ, ಕಡಲೆ ಹಂಚಿದ. ಪೂಜೆಯ ಹೊತ್ತಿಗೆ ಕರೆಂಟನ್ನೂ ಆರಿಸಿದ್ದ. ಪಂಪಿಗೆ, ಬಾಗಿಲಿಗೆ, ತನ್ನ ಸೈಕಲ್ಲಿಗೆ ಗಂಧ, ಕುಂಕುಮ ಹಚ್ಚಿದವನು ಹೊಸ ಪರದೆಯನ್ನು ಬಿಡುತ್ತಾನೆಯೇ? ಎಲ್ಲಕ್ಕಿಂತ ದೊಡ್ಡ ಅಲಂಕಾರ ಅದಕ್ಕೇ. ಅಡ್ಡಕ್ಕೆ ವಿಭೂತಿ ಬಳಿದು, ನಾಲ್ಕು ಮೂಲೆಗೂ ನಡುವಿಗೂ ಗಂಧವನ್ನು ದೋಸೆ ಹಿಟ್ಟಿನಂತೆ ಮೆತ್ತಿ, ಅದರ ಮೇಲೆ ಕುಂಕುಮ ಒತ್ತಿದ್ದ. ನಾನೂ ಕೈಮುಗಿದು ಬಂದೆ. ನನ್ನ ಆಯ್ಕೆಗೆ ಮಂಗಳಾರತಿ ಆಗುವುದನ್ನು ಕಂಡು ಹೆಮ್ಮೆಯೇ ಆಗಿತ್ತು.

ಊಟ ಮುಗಿದು ಕೈತೊಳೆಯುವಷ್ಟರಲ್ಲಿ ಮೋಡ ಕವಿದು ಮಳೆ ಹಿಡಿಯಿತು. ನೋಡನೋಡುತ್ತಾ ಬೀದಿ ಹೊಳೆಯಾಯಿತು. ಓಡಿಹೋಗಿ ನೋಡಿದರೆ ಏಳುಮಲೈ ಕರೆಂಟು ಕೊಟ್ಟಿದ್ದ, ಪರದೆ ಬೆಳಗುತ್ತಿತ್ತು, ಪಂಪು ಮಾತ್ರ ಸುಮ್ಮನಿತ್ತು. ಗೋಡೆಯಿಂದ ಮುಂದಕ್ಕೆ ಚಾಚಿದ್ದ ಸೂರು ಜೋರು ಮಳೆಯನ್ನು ತಡೆದು, ಗಂಧವನ್ನು ಹಸಿಯಾಗಿಡುವಷ್ಟು ಎರಚಲನ್ನು ಮಾತ್ರ ಒಳಗೆ ಬಿಟ್ಟಿತ್ತು. ಆ ಹಸಿ ಮುದ್ದೆಗಳನ್ನು ಪರದೆ ಮನುಷ್ಯರ ಬೆರಳು ಎಂದು ಭಾವಿಸಿತ್ತು. ಐದು ಬೆರಳುಗಳು ಒಟ್ಟಿಗೆ ಒತ್ತಿಕೊಂಡು ನಿಂತಿರುವಾಗ ನನ್ನ ಆರನೆಯ ಬೆರಳಿಗೆ ಅಲ್ಲಿ ಮರ್ಯಾದೆಯೇ ಇರಲಿಲ್ಲ.

ನಾನು ಕರ್ಚೀಫು ತೆಗೆದೆ. ಏಳುಮಲೈ ಪರದೆಗೆ ಅಡ್ಡ ನಿಂತ. "ಸಾರ್, ತೊಡಾದೀಂಗ. ಪೂಜೈಲ ವೆಚ್ಚಾಚ್ಚು. ನಾಳೈಕ್ಕಿ ಕಾಲೈಲದಾನ್ ತೊಡೈಕ್ಕಣುಂ." ಮುಟ್ಟಬೇಡಿ ಎನ್ನುವುದು ಅವನ ಮಾತು. ಪೂಜೆಗೆ ಇಟ್ಟ ಕುಂಕುಮವನ್ನು ಮರುದಿನ ವಿಜಯದಶಮಿಯ ಬೆಳಿಗ್ಗೆಗೆ ಮೊದಲು ಒರೆಸುವಂತಿಲ್ಲ. ಹಬ್ಬದ ದಿನ ಹಣೆಯ ಕುಂಕುಮ ಅಳಿಸಿದರೆ ಅಪಶಕುನ, ಇದೂ ಹಾಗೇ. ಕೊಡೆ ಹಿಡಿದು ಸೇರಿದ್ದ ಬೀದಿಯ ಹಿರಿಯರೆಲ್ಲ ತಲೆಯಾಡಿಸಿದರು. ನೀರು ಅವರ ಮೊಣಕಾಲಿಗೆ ಬರುತ್ತಿದ್ದರೂ ತಲೆ ಅದೇ ದಿಕ್ಕಿನಲ್ಲಿ ಆಡುತ್ತಿತ್ತು. ಒರೆಸುತ್ತೇನೆ ಎಂದು ಗದರುವ ಧೈರ್ಯ ನನಗಿರಲಿಲ್ಲ. ಯಾಕೆಂದರೆ ನನ್ನೊಳಗೂ ಒಬ್ಬ ತಲೆಯಾಡಿಸುತ್ತಿದ್ದ. ನಮ್ಮ ಮನೆಯ ಮಿಕ್ಸಿಯ ಹಣೆಯಲ್ಲೂ ಆ ಹೊತ್ತು ಕುಂಕುಮವಿತ್ತು, ಅದನ್ನು ಒರೆಸು ಎಂದರೆ ನಾನೂ ಒರೆಸುತ್ತಿರಲಿಲ್ಲ.

ಅಷ್ಟರಲ್ಲಿ ವಸಂತ ಸೀರೆ ಎತ್ತಿ ಕಟ್ಟಿಕೊಂಡು ನೀರಲ್ಲೇ ಬಂದಳು. "ನೀರು ಹೊಸಿಲಿಗೆ ಬಂತು ಕಣ್ರೀ. ಅಕ್ಕಿ ಡಬ್ಬ ಮಂಚದ ಮೇಲಿಟ್ಟು ಬಂದೆ. ಇಲ್ಲಿ ನಿಂತು ಏನ್ಮಾಡ್ತಿದೀರ?" ವಿಷಯ ಹೇಳಿದೆ. ಅವಳು ಪರದೆಯನ್ನು ನೋಡಿದಳು, ಏಳುಮಲೈಯನ್ನು ನೋಡಿದಳು, ಬೆಂಡೆಕಾಯಿ ನೋಡುವ ನೋಟದಿಂದ ನನ್ನನ್ನು ನೋಡಿದಳು.

"ಒರೆಸಬಾರದು ಅಂದ್ರೆ ಒರೆಸೋದು ಬೇಡ. ಅಭಿಷೇಕ ಮಾಡಿ. ದೇವರ ಗಂಧ ದಿನಾ ಹೋಗೋದು ಹಾಗೇ ಅಲ್ವಾ?"

ಅದನ್ನು ಏಳುಮಲೈಗೆ ತಮಿಳಿನಲ್ಲಿ ಹೇಳಿದೆ. ಪೂಜೆಗೆ ಭಂಗವಿಲ್ಲ, ಬದಲಿಗೆ ಇನ್ನೊಂದು ಪೂಜೆ. ಅವನ ಮುಖ ಅರಳಿತು. "ಅಬಿಷೇಗಮಾ? ತಾರಾಳಮಾ ಪಣ್ಣಲಾಂ." ಧಾರಾಳವಾಗಿ ಮಾಡಬಹುದಂತೆ. ಮನೆಮನೆಯಿಂದ ಕೊಡಗಳು ಬಂದವು. ರುಕ್ಮಿಣಿ ಮಾಮಿ ಮೇಲಿನ ಕಿಟಕಿಯಿಂದಲೇ ಏನೋ ಸ್ತೋತ್ರ ಹಿಡಿದರು. ಏಳುಮಲೈ ಕೊಡಗಟ್ಟಲೆ ಸುರಿದ. ಗಂಧ, ಕುಂಕುಮ, ವಿಭೂತಿಗಳು ಸಕಲ ಗೌರವದೊಂದಿಗೆ ಇಳಿದು ಹೋದವು. ನಾನು ಕಣ್ಣುಮುಚ್ಚಿ ಬೆರಳಿಟ್ಟೆ. ಪಂಪು ಗುರ್ರೆಂದಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಅಳು ಬಂತು. ಮಳೆಯಾದ್ದರಿಂದ ಯಾರಿಗೂ ತಿಳಿಯಲಿಲ್ಲ. ನೀರು ನಮ್ಮ ಹೊಸಿಲು ದಾಟದೆ ಹಿಂದಕ್ಕೆ ಸರಿಯಿತು.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅಭಿಷೇಕ ಮಾಡಿಸಿಕೊಂಡದ್ದು ಮತ್ತೆ ಬರೀ ಯಂತ್ರವಾಗಿ ಉಳಿಯುವುದಿಲ್ಲ. ಪಕ್ಕದಲ್ಲಿ ಹೊಸದಾಗಿ ಗುಂಡಿಗಳನ್ನೇನೋ ಹಾಕಿಸಿದೆ, ಅವುಗಳ ಕಡೆ ಯಾರೂ ಕಣ್ಣೆತ್ತಿಯೂ ನೋಡಲಿಲ್ಲ. ಶುಕ್ರವಾರ ಪರದೆಯ ಸೂರಿಗೆ ಮಲ್ಲಿಗೆ ಸರ ಬರತೊಡಗಿತು. ಪರೀಕ್ಷೆಗೆ ಹೋಗುವ ಮಕ್ಕಳು ಅದರ ಮುಂದೆ ನಿಂತು ಕೈಮುಗಿದು ಹೋಗುತ್ತಾರೆ.

ಮುಂದಿನ ಮೇ ತಿಂಗಳಲ್ಲಿ ಮುಖ್ಯಸ್ಥರು, ನಡುಮಧ್ಯಾಹ್ನದ ಬಿಸಿಲಲ್ಲಿ ಪರದೆ ಈಗಲೂ ಕಾಣುತ್ತದೆಯೇ ನೋಡಿ ವರದಿ ಕೊಡಿ ಎಂದರು. ಹೋದೆ. ಏಳುಮಲೈ ದೂರದಿಂದಲೇ ಕೂಗಿದ, "ಸಾರ್, ಚೆರುಪ್ಪು." ಚಪ್ಪಲಿ ಬಿಟ್ಟು ಡಾಂಬರಿನ ಮೇಲೆ ನಿಂತೆ. ಪರದೆ ಅದ್ಭುತವಾಗಿ ಕಾಣುತ್ತಿತ್ತು, ಓದುವಷ್ಟು ಹೊತ್ತು ನಿಲ್ಲಲು ನನ್ನ ಅಂಗಾಲು ಬಿಡಲಿಲ್ಲ. ಒಂದು ಕಾಲೆತ್ತಿ, ಅದನ್ನು ಇಳಿಸಿ ಇನ್ನೊಂದು ಕಾಲೆತ್ತಿ, ಹಲ್ಲುಕಚ್ಚಿ ಓದುತ್ತಿದ್ದೆ. ಎದುರು ಮನೆಯ ಮುದುಕಿ ಅದನ್ನು ಮೈಮೇಲೆ ದೇವರು ಬಂದದ್ದು ಎಂದುಕೊಂಡು, ಒಳಗಿನಿಂದ ಓಡಿಬಂದು ನನಗೇ ಕೈಮುಗಿದು ಮಗನ ಮದುವೆ ಯಾವಾಗ ಎಂದು ಕೇಳಿದಳು. 'ಹೊರಾಂಗಣದ ಬಳಕೆಗೆ ಎಲ್ಲ ರೀತಿಯಲ್ಲೂ ಯೋಗ್ಯ' ಎಂದು ವರದಿ ಬರೆದೆ, ಅಂಗಾಲಿಗೆ ಬೆಣ್ಣೆ ಹಚ್ಚಿಕೊಂಡು, ಮಂಚದ ಮೇಲೆ ಕೂತು. ಮದುವೆ ದೀಪಾವಳಿ ಬರುವ ಐಪ್ಪಸಿ ತಿಂಗಳಲ್ಲಿ ಎಂದು ಬಾಯಿಗೆ ಬಂದದ್ದನ್ನು ಮುದುಕಿಗೆ ಹೇಳಿದ್ದೆ. ನಿನ್ನೆ ಆ ಮನೆಯವರು ಛತ್ರ ಗೊತ್ತುಮಾಡಿ ಬಂದರಂತೆ. ಹುಡುಗಿಯನ್ನೂ ನಾನೇ ಆರಿಸಿಕೊಡಬೇಕಂತೆ.